ಮೌಲಾಸಾಬರ ದನಿ ಮತ್ತು ಕಿತ್ತುಹಾಕಿದ ರೆಸಿಸ್ಟರ್

೨೦೦೪ರಲ್ಲಿ ರಾಣೆಬೆನ್ನೂರಿನ ಬಸ್ ನಿಲ್ದಾಣದ ಬಳಿ ನನ್ನದೊಂದು ಆಂಪ್ಲಿಫಯರ್ ರಿಪೇರಿ ಅಂಗಡಿ ಇತ್ತು. ಡಿಪ್ಲೊಮಾ ಓದಿದ ಹೆಂಗಸು ಸೋಲ್ಡರಿಂಗ್ ಐರನ್ ಹಿಡಿದು ಕೂತದ್ದನ್ನು ನೋಡಲೆಂದೇ ಕೆಲವರು ಬರುತ್ತಿದ್ದರು. ನೋಡಲಿ ಎಂದು ಬಾಗಿಲನ್ನು ಪೂರ್ತಿ ತೆರೆದಿಡುತ್ತಿದ್ದೆ.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಟೆಂಡರ್ ದರಗಳನ್ನು ಮೈಕಿನಲ್ಲಿ ಕೂಗುವ ಮೌಲಾಸಾಬರು ಒಂದು ಸಂಜೆ ಬಂದರು. ಬೆಳಿಗ್ಗೆ ಸರಿಯಿರುವ ಅವರ ದನಿ ಮಧ್ಯಾಹ್ನ ಒಡೆಯುತ್ತಿತ್ತಂತೆ. ಮೆಣಸಿನ ಘಾಟಿಗೆ ಗಂಟಲು ಕೆಟ್ಟಿದೆ ಎಂದು ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಗಳು ಸೋಮವಾರದಿಂದ ಬೇರೆಯವರನ್ನು ಕೂರಿಸುವವರಿದ್ದರು.

"ನನ್ನ ದನಿ ಹೋಗಿಲ್ರಿ ಅಕ್ಕಾರ. ಮನ್ಯಾಗ ಕರದ್ರ ಹಿಂದಿನ ಓಣಿತನಕ ಕೇಳಸ್ತೈತಿ," ಎಂದರು.

ಮರುದಿನ ಮಧ್ಯಾಹ್ನ, ಯಾರೂ ಕರೆಯದಿದ್ದರೂ, ಮಾರುಕಟ್ಟೆಗೆ ಹೋದೆ. ಮೆಣಸಿನ ಧೂಳು ಒಳಹೋಗದಿರಲಿ ಎಂದು ಆಂಪ್ಲಿಫಯರಿಗೆ ಗೋಣಿಚೀಲ ಹೊದಿಸಿದ್ದರು. ಮುಟ್ಟಿದರೆ ಕೈ ಸುಡುತ್ತಿತ್ತು. "ಮಷೀನ್ ಚಲೋ ಐತಿ, ಬಿಚ್ಚಬ್ಯಾಡ್ರಿ," ಎಂದರು ಕಾರ್ಯದರ್ಶಿಗಳು. ಬಿಚ್ಚಿದೆ.

ಟ್ರಾನ್ಸಿಸ್ಟರ್ ಎಂದರೆ ಕಾಲುವೆಯ ತೂಬಿದ್ದಂತೆ. ಮೈಕಿನಿಂದ ಬೇಸ್ ಎಂಬ ಕಾಲಿಗೆ ಬರುವ ಸಣ್ಣ ಕರೆಂಟು, ಉಳಿದೆರಡು ಕಾಲುಗಳಾದ ಕಲೆಕ್ಟರ್‌ನಿಂದ ಎಮಿಟರ್‌ಗೆ ಹರಿಯುವ ದೊಡ್ಡ ಕರೆಂಟನ್ನು ಏರಿಸಿ ಇಳಿಸುತ್ತದೆ. ಏರಲೂ ಇಳಿಯಲೂ ಜಾಗವಿರಬೇಕಾದರೆ ತೂಬು ಮೊದಲೇ ಅರ್ಧ ತೆರೆದಿರಬೇಕು. ಇದನ್ನು ಬಯಾಸ್ ಎನ್ನುತ್ತೇವೆ. ಟ್ರಾನ್ಸಿಸ್ಟರ್ ಕಾದಾಗ ತೂಬು ತಾನಾಗಿಯೇ ಇನ್ನಷ್ಟು ತೆರೆದುಕೊಳ್ಳುತ್ತದೆ. ಆಗ ದನಿಯ ಅಲೆಯ ಒಂದು ಬದಿ ಕತ್ತರಿಸಿಹೋಗಿ ಮಾತು ಒಡೆಯುತ್ತದೆ. ಕರೆಂಟು ಮಿತಿಮೀರದಂತೆ ಹಿಂದಕ್ಕೆ ಜಗ್ಗುವುದು ಎಮಿಟರ್ ರೆಸಿಸ್ಟರ್. ಸದ್ದು ಜೋರಾಗಲೆಂದು ಯಾವನೋ ಅದನ್ನೇ ಕಿತ್ತು, ಆ ಜಾಗಕ್ಕೆ ತಂತಿ ಬೆಸೆದು, ಬಯಾಸನ್ನು ಹೇಗೋ ಹೊಂದಿಸಿಟ್ಟಿದ್ದ.

ತಕ್ಷಣ ಸರಿಮಾಡಲಿಲ್ಲ. ಮೈಕನ್ನು ಕಾರ್ಯದರ್ಶಿಗಳ ಮುಂದೆ ಹಿಡಿದೆ. "ಮುಂದಿನ ದರ ನೀವ ಕೂಗ್ರಿ."

ಕೂಗಿದರು. ಅವರ ದನಿಯೂ ಗೊರಗೊರ ಒಡೆಯಿತು. ಹಮಾಲರು ಚೀಲ ಇಳಿಸಿ ನಕ್ಕರು.

"ನಿಮ್ಮ ಗಂಟಲೂ ಕೆಟ್ಟೈತೇನ್ರಿ?" ಎಂದೆ.

ಅಲ್ಲೇ ಕೂತು ರೆಸಿಸ್ಟರ್ ಬೆಸೆದು, ಬಯಾಸ್ ಸರಿಪಡಿಸಿ, ಗೋಣಿಚೀಲವನ್ನು ದೂರ ಎಸೆದೆ. "ಸೌಂಡ್ ಕಡಿಮಿ ಆತಲ್ಲ," ಎಂದು ಕಾರ್ಯದರ್ಶಿಗಳು ಗೊಣಗಿದರು. "ಆಗ್ಲಿ, ಮಾತು ತಿಳೀತೈತಿ," ಎಂದೆ. ಮೌಲಾಸಾಬರು ಉಳಿದ ದರಗಳನ್ನೆಲ್ಲ ಕೂಗಿ ಮುಗಿಸಿದರು. ಒಂದಕ್ಷರವೂ ಒಡೆಯಲಿಲ್ಲ.

ಕೆಟ್ಟದ್ದು ಯಂತ್ರವೋ ಮನುಷ್ಯನೋ ಎಂಬ ಪ್ರಶ್ನೆ ಬಂದಾಗ ಮೊದಲು ಯಂತ್ರವನ್ನು ಬಿಚ್ಚಬೇಕು, ಯಾರು ಬೇಡವೆಂದರೂ ಸರಿ. ಈ ಕಸುಬು ನನಗೆ ಕಲಿಸಿದ್ದು ಅಷ್ಟೇ. ಮೌಲಾಸಾಬರು ಮಾತ್ರ ಅಂದು ಮೈಕನ್ನು ಕೆಳಗಿಡಲಿಲ್ಲ. ಕಾರ್ಯದರ್ಶಿಗಳತ್ತ ತಿರುಗಿ, ಇಡೀ ಮಾರುಕಟ್ಟೆಗೆ ಕೇಳುವಂತೆ ಹೇಳಿದರು: "ಸೋಮವಾರನೂ ನಾನ ಕೂಗಾಂವ!"