ಪಂಪು ಸುಮ್ಮನಾದ ಮಧ್ಯಾಹ್ನ

ಓಕ್ಲ್ಯಾಂಡಿನ ಗುಡ್ಡದ ಬುಡದಲ್ಲಿ ಗುರುಬಸವ್ವ ತನ್ನ ಮನೆಯಲ್ಲೇ ಡೇಕೇರು ನಡೆಸುತ್ತಿದ್ದಳು. ಐದು ಮಕ್ಕಳಿದ್ದವು, ಯಾವುದಕ್ಕೂ ಇನ್ನೂ ಮೂರು ತುಂಬಿರಲಿಲ್ಲ. ಬೆಳಿಗ್ಗೆ ಅಪ್ಪ ಅಮ್ಮಂದಿರು ಆಸ್ಪತ್ರೆಗೋ ಆಫೀಸಿಗೋ ಓಡುವ ಗಡಿಬಿಡಿಯಲ್ಲಿ ಮಕ್ಕಳನ್ನು ಬಾಗಿಲಲ್ಲೇ ಅವಳ ಕೈಗಿತ್ತು ಹೋದರೆ, ಸಂಜೆಯ ತನಕ ಉಣಿಸಿ, ಆಡಿಸಿ, ಮಲಗಿಸುವುದು ಅವಳ ಕೆಲಸ. ಸಹಾಯಕ್ಕೆ ಅಂಬವ್ವ ಅಂತ ದೂರದ ನೆಂಟಳೊಬ್ಬಳು ಬರುತ್ತಿದ್ದಳು. ಗುರುಬಸವ್ವ ಗದಗಿನವಳು, ಐವತ್ತು ದಾಟಿದವಳು. ಎಂಥ ಹಟದ ಕೂಸೂ ಅವಳ ಹೆಗಲಿಗೆ ಬಂದರೆ ತಣ್ಣಗಾಗುತ್ತದೆ ಎಂದು ತಾಯಂದಿರು ಮಾತಾಡಿಕೊಳ್ಳುತ್ತಿದ್ದರು.

ಆ ತಾಯಂದಿರಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಚಿಕ್ಕಂದಿನಲ್ಲಿ ಬಂದ ಗದ್ದಬಾವು ಅವಳ ಎಡಗಿವಿಯನ್ನು ಪೂರ್ತಿ ಕೆಡಿಸಿಬಿಟ್ಟಿತ್ತು. ಬಲಗಿವಿ ಚುರುಕಾಗಿತ್ತು. ಆದರೆ ಒಂದೇ ಕಿವಿಯವರಿಗೆ ಸದ್ದು ಕೇಳುತ್ತದೆಯೇ ಹೊರತು ಅದು ಯಾವ ಕಡೆಯಿಂದ ಬಂತು ಅನ್ನುವುದು ತಿಳಿಯುವುದಿಲ್ಲ. ಡೇಕೇರಿನ ಲೈಸೆನ್ಸಿನ ಹೊತ್ತಿನಲ್ಲಿ ಡಾಕ್ಟರು ಪರೀಕ್ಷೆ ಮಾಡಿ ಅಡ್ಡಿಯಿಲ್ಲ ಎಂದಿದ್ದರು. ಆದರೂ ತಾಯಂದಿರ ಮುಂದೆ ಬಾಯಿಬಿಡಲು ಅವಳಿಗೆ ಧೈರ್ಯ ಸಾಲಲಿಲ್ಲ. ಅರೆಗಿವುಡಿಯ ಕೈಗೆ ಯಾರು ಕೂಸು ಕೊಡುತ್ತಾರೆ?

ಜನವರಿಯ ಚಳಿಯಲ್ಲಿ ಮನೆ ಸದ್ದು ಮಾಡಲು ಶುರುವಾಯಿತು. ಹಳೇ ಕಾಲದ ಮನೆ ಅದು. ನೆಲಮಾಳಿಗೆಯ ಗ್ಯಾಸಿನ ಬಾಯ್ಲರಿನಲ್ಲಿ ನೀರು ಕಾಯುತ್ತಿತ್ತು. ಪಕ್ಕದ ಪುಟ್ಟ ಪಂಪು ಆ ಬಿಸಿನೀರನ್ನು ಪೈಪುಗಳಲ್ಲಿ ಕೋಣೆಕೋಣೆಗೂ ಓಡಿಸಿ, ಕಿಟಕಿಗಳ ಕೆಳಗಿನ ಕಬ್ಬಿಣದ ರೇಡಿಯೇಟರುಗಳನ್ನು ಬೆಚ್ಚಗೆ ಮಾಡಿ, ಮತ್ತೆ ಕೆಳಗೆ ತರುತ್ತಿತ್ತು. ಮೊದಮೊದಲು ಗುಳುಗುಳು ಅನ್ನುವ ಸದ್ದಷ್ಟೇ ಬಂತು. ಅವಳ ಗಂಡ ಸಂಗನಬಸಪ್ಪ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರು. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದು ಅವನು ರೇಡಿಯೇಟರುಗಳ ಮೂಲೆಯ ತಿರುಪುಗಳನ್ನು ಒಂದೊಂದಾಗಿ ಸಡಿಲಿಸಿದ. ಬುಸ್ಸೆಂದು ಗಾಳಿ ಬಂತು, ಹಿಂದೆಯೇ ಕರೀ ನೀರು. ಒತ್ತಡ ಇಳಿದಿತ್ತೆಂದು ಒಂದಿಷ್ಟು ನೀರು ತುಂಬಿಸಿದ. ಮನೆ ಸುಮ್ಮನಾಯಿತು.

ಹಾಗಂದುಕೊಳ್ಳುವಷ್ಟರಲ್ಲಿ ಸದ್ದು ಬೇರೆ ರೂಪದಲ್ಲಿ ಮರಳಿತು. ಈ ಸಲ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಹಾಗೆ ಕಿರ್ರನೆ ಎಳೆಯುತ್ತಿತ್ತು. ಸಂಗನಬಸಪ್ಪ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಒತ್ತಿ, ಹಿಡಿಗೆ ಕಿವಿಯಿಟ್ಟು ಆಲಿಸಿದ. ಒಳಗೆ ಬೇರಿಂಗು ಸವೆದಿದೆ, ಪಂಪನ್ನೇ ಬದಲಿಸಬೇಕು ಎಂದ. ಚಳಿಗಾಲವಾದ್ದರಿಂದ ರಿಪೇರಿಯವರಿಗೆಲ್ಲ ಕೈತುಂಬ ಕೆಲಸ, ಮುಂದಿನ ವಾರಕ್ಕೇ ಬರುತ್ತೇವೆ ಅಂದರು. ಅಲ್ಲಿಯ ತನಕ ಬಾಯ್ಲರು ಆರಿಸಿಬಿಡೋಣ ಎಂದು ಅವನು ಹೇಳಿ ನೋಡಿದ. ಗುರುಬಸವ್ವ ಒಪ್ಪಲಿಲ್ಲ.

"ಕೂಸುಗಳು ಥಂಡ್ಯಾಗ ಹೆಂಗ ಮಲಗ್ತಾವ್ರಿ? ಹೆಂಗಾರ ನಾಕು ದಿನ ನಡೀಲಿ," ಅಂದಳು.

ಹಾಗಂದಿದ್ದಕ್ಕೆ ಅವಳೇ ಹೆದರಿಕೊಂಡು ದಿನ ನೂಕಬೇಕಾಯಿತು. ಉಳಿದವರಿಗೆ ಅದು ನೆಲಮಾಳಿಗೆಯ ಸದ್ದು. ಅವಳಿಗೆ ಮಾತ್ರ ಗೋಡೆಯಿಂದ, ಸೂರಿನಿಂದ, ತೊಟ್ಟಿಲುಗಳ ಅಡಿಯಿಂದ, ಎಲ್ಲ ಕಡೆಯಿಂದಲೂ ಬಂದ ಹಾಗೆ ಕೇಳುತ್ತಿತ್ತು. ಅನ್ನ ಕಲೆಸುತ್ತ ಥಟ್ಟನೆ ನಿಲ್ಲುತ್ತಿದ್ದಳು. ಹಾಲು ಕಾಯಿಸುತ್ತ ಬಂದು ಪೈಪು ಮುಟ್ಟಿ ನೋಡುತ್ತಿದ್ದಳು. ಮಕ್ಕಳನ್ನು ಕರೆದುಕೊಳ್ಳಲು ಬಂದ ತಂದೆಯೊಬ್ಬ ಏನದು ಸದ್ದು ಎಂದಾಗ, ಪಂಪು ಹಳೇದಾಗಿದೆ ಎಂದು ನಗುತ್ತಲೇ ಹೇಳಿದಳು. ಅವನು ಹೋದದ್ದೇ ಮತ್ತೆ ಪೈಪು ಮುಟ್ಟಿ ನೋಡಿದಳು.

ಅದೊಂದು ಮಧ್ಯಾಹ್ನ ಮಕ್ಕಳೆಲ್ಲ ಮಲಗಿದ್ದಾಗ ಸದ್ದು ನಿಂತುಹೋಯಿತು. ಅಂಬವ್ವ ಉಸ್ಸಪ್ಪ ಎಂದಳು. ಗುರುಬಸವ್ವನಿಗೂ ಅರೆಗಳಿಗೆ ಹಾಯೆನಿಸಿತು. ಆಮೇಲೆ ಕಿಟಕಿಯ ಕೆಳಗಿನ ರೇಡಿಯೇಟರಿನ ಮೇಲೆ ಕೈಯಿಟ್ಟಳು. ಅದು ಆರುತ್ತಿತ್ತು. ನೆಲಮಾಳಿಗೆಯಿಂದ ಮೇಲೆ ಬರುವ ಪೈಪನ್ನು ಮುಟ್ಟಿದವಳು ಚುರ್ರೆಂದು ಕೈ ಹಿಂದೆಗೆದಳು. ನೀರು ಕೆಳಗೆ ಕುದಿಯುತ್ತಿದೆ, ಮೇಲಕ್ಕೆ ಓಡುತ್ತಿಲ್ಲ. ಅದನ್ನವಳು ಮನಸ್ಸಿನಲ್ಲಿ ಪೂರ್ತಿ ಅಂದುಕೊಳ್ಳುವ ಮೊದಲೇ ಮನೆಯೊಳಗೆ ಸುತ್ತಿಗೆಯಲ್ಲಿ ಹೊಡೆದಂತೆ ಧಡ್ ಎಂದಿತು. ಮತ್ತೊಮ್ಮೆ. ಅಂಗಾಲಿನ ಕೆಳಗೆ ಹಲಗೆ ನಡುಗಿತು.

ಮನೆಯ ಕಾವು ಏರಿಸಿ ಇಳಿಸುವ, ಗೋಡೆಯ ಥರ್ಮೋಸ್ಟಾಟು ತಿರುಗಿಸಿ ಪೂರ್ತಿ ಇಳಿಸಿದಳು. ಬಡಿತ ನಿಲ್ಲಲಿಲ್ಲ. ಗಂಡನಿಗೆ ಫೋನು ಮಾಡಿದಳು, ಅವನು ಎತ್ತಲಿಲ್ಲ. ಲ್ಯಾಬಿನೊಳಗೆ ಹೋಗುವಾಗ ಫೋನು ಹೊರಗಿಟ್ಟು ಹೋಗಬೇಕಿತ್ತು. ನೆಲಮಾಳಿಗೆಯ ಬಾಗಿಲು ತೆರೆದರೆ ಮೆಟ್ಟಿಲ ಬುಡದಲ್ಲಿ ಆವಿ ತುಂಬಿಕೊಂಡು, ಎಲ್ಲೋ ಬಿಸಿನೀರು ಚಿಮ್ಮುತ್ತಿತ್ತು. ಅವಳು ಬಾಗಿಲು ಮುಚ್ಚಿಬಿಟ್ಟಳು.

ಅಂಬವ್ವನಿಗೆ ಅಗ್ನಿಶಾಮಕದವರಿಗೆ ಫೋನು ಮಾಡಲು ಹೇಳುತ್ತಲೇ ಮಕ್ಕಳನ್ನು ಎತ್ತತೊಡಗಿದಳು. ಇಬ್ಬರೂ ಎರಡೆರಡು ಕೂಸುಗಳನ್ನು ಕಂಬಳಿಯ ಸಮೇತ ಅವುಚಿಕೊಂಡು ರಸ್ತೆ ದಾಟಿ, ಎದುರುಮನೆಯ ಅಂಗಳಕ್ಕೆ ಓಡಿದರು. ಅಂಬವ್ವ ಅಲ್ಲೇ ನಿಂತಳು. ಉಳಿದದ್ದು ವಿಭಾಳ ಮಗಳು ಸಂಯುಕ್ತಾ. ಅವಳನ್ನು ತರಲು ಗುರುಬಸವ್ವ ಒಳಗೆ ಬಂದರೆ ಹಾಸಿಗೆ ಖಾಲಿ.

ಮಗು ಅಳುವುದು ಕೇಳುತ್ತಿತ್ತು. ಸ್ಪಷ್ಟವಾಗಿಯೇ ಕೇಳುತ್ತಿತ್ತು. ಎಲ್ಲಿಂದ ಅನ್ನುವುದಷ್ಟೇ ಗೊತ್ತಾಗಲಿಲ್ಲ. ಅಡುಗೆಮನೆಗೆ ಓಡಿದಳು, ಅಲ್ಲಿರಲಿಲ್ಲ. ಬಚ್ಚಲಿನಲ್ಲಿ ಇರಲಿಲ್ಲ. ನೆಲಮಾಳಿಗೆಯ ಬಾಗಿಲು ಮುಚ್ಚಿದ್ದೆನೋ ಇಲ್ಲವೋ ಎಂಬ ಯೋಚನೆ ಬಂದದ್ದೇ ಅತ್ತ ಓಡಿದಳು. ಮುಚ್ಚೇ ಇತ್ತು. ಮತ್ತೆ ಧಡ್ ಎಂದಿತು, ಅಳು ಜೋರಾಯಿತು. ಅವಳು ನಡುಮನೆಯಲ್ಲಿ ನಿಂತು, ಈ ಕಿವಿಯನ್ನು ನಂಬಿದರೆ ಕೆಟ್ಟೆ ಎಂದುಕೊಂಡು, ಬಾಗಿ ನೆಲಕ್ಕೆ ಮುಖ ಹಚ್ಚಿ ಕಣ್ಣಿನಿಂದಲೇ ಹುಡುಕಿದಳು. ಸೋಫಾದ ಹಿಂದೆ, ಪರದೆಯ ಅಂಚಿನಲ್ಲಿ ಎರಡು ಪುಟ್ಟ ಪಾದಗಳು ಕಂಡವು.

ಮಗುವನ್ನು ಅಂಬವ್ವನ ತೋಳಿಗೆ ಹಾಕಿದವಳು ಮನೆಯ ಪಕ್ಕದ ಓಣಿಗೆ ಓಡಿದಳು. ಭೂಕಂಪವಾದರೆ ಗ್ಯಾಸು ಮುಚ್ಚಲೆಂದು ಆ ಊರಿನವರು ಗ್ಯಾಸಿನ ಮೀಟರಿಗೆ ಒಂದು ಸ್ಪ್ಯಾನರು ಕಟ್ಟಿಟ್ಟಿರುತ್ತಾರೆ. ಅವಳ ಮನೆಯದಕ್ಕೆ ತುಕ್ಕು ಹಿಡಿದಿತ್ತು, ಮೀಟರಿನ ತಿರುಗಣೆಯೂ ಬಿಗಿದುಕೊಂಡಿತ್ತು. ಕಾಲು ಗೋಡೆಗೆ ಕೊಟ್ಟು, ಮೈಯ ಭಾರವೆಲ್ಲ ಬಿಟ್ಟು ಜಗ್ಗಿದಾಗ ಅದು ಒಮ್ಮೆಲೇ ಅಡ್ಡಕ್ಕೆ ತಿರುಗಿತು. ಒಳಗಿನ ಬಡಿತ ನಿಂತಿತೋ ಇಲ್ಲವೋ ತಿಳಿಯಲಿಲ್ಲ, ಕಿವಿಯ ತುಂಬ ಅವಳದೇ ಎದೆಬಡಿತವಿತ್ತು. ಗೋಡೆಗೆ ಅಂಗೈ ಒತ್ತಿ ಹಿಡಿದಳು. ಬಹಳ ಹೊತ್ತಿನ ಮೇಲೆ ಗೋಡೆಯ ನಡುಕ ನಿಂತಿತು.

ಅಗ್ನಿಶಾಮಕದವರು ಬಂದು ನೋಡಿ ಗ್ಯಾಸು ಮುಚ್ಚಿದ್ದು ಸರಿಯಾಯಿತು ಎಂದರು. ಪಂಪು ಸಿಕ್ಕಿಕೊಂಡು ನಿಂತಿತ್ತು. ಕಾವು ಮೀರಿದಾಗಲಾಗಲಿ ಥರ್ಮೋಸ್ಟಾಟು ಇಳಿಸಿದಾಗಲಾಗಲಿ ಉರಿ ಆರಿಸಬೇಕಾದ ಸ್ವಿಚ್ಚೂ ಕೆಟ್ಟಿತ್ತು. ಒತ್ತಡ ಹೊರಬಿಡುವ ವಾಲ್ವೊಂದು ತನ್ನ ಕೆಲಸ ಮಾಡಿದ್ದರಿಂದ ಮನೆ ಉಳಿದಿತ್ತು. ಅದೂ ಕೆಟ್ಟಿದ್ದರೆ ಎಂದು ಅಂಬವ್ವ ಕೇಳಿದಾಗ ಅವರಲ್ಲೊಬ್ಬ, ಬಾಯ್ಲರೇ ಸಿಡಿಯುತ್ತಿತ್ತು ಎಂದ.

ಅಪ್ಪ ಅಮ್ಮಂದಿರು ಒಬ್ಬೊಬ್ಬರಾಗಿ ಓಡಿಬಂದರು. ಹತ್ತಿರದ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ವಿಭಾ ಮಗಳನ್ನು ಎದೆಗೊತ್ತಿಕೊಂಡು ನಡೆದದ್ದನ್ನೆಲ್ಲ ಕೇಳಿದಳು. ಕೊನೆಗೆ ಮೆಲ್ಲಗೆ ಅಂದಳು: "ಇವಳು ಅಳ್ತಾ ಇದ್ದಳಲ್ಲ, ನಿಮಗೆ ಕೇಳಿಸ್ಲಿಲ್ವಾ?"

ಸುಳ್ಳು ಹೇಳಲು ಗುರುಬಸವ್ವನಲ್ಲಿ ಶಕ್ತಿ ಉಳಿದಿರಲಿಲ್ಲ. "ಕೇಳಿಸ್ತ್ರಿ. ಎಲ್ಲಿಂದ ಅಂತ ತಿಳೀಲಿಲ್ಲ. ನಂದು ಎಡಗಿವಿ ಸಣ್ಣಾಕಿ ಇದ್ದಾಗಿಂದ ಕೇಳೂದಿಲ್ಲ. ಅದಕ್ಕ ನಾ ಇವರ ಮ್ಯಾಲಿನ ಕಣ್ಣು ಎಂದೂ ತಗಿಯೂದಿಲ್ರಿ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳಿದ್ರ ಕೂಸು ಇಲ್ಲಿ ಬಿಡ್ತಿದ್ರೇನ್ರಿ?"

"ಗೊತ್ತಿಲ್ಲ," ಎಂದಳು ವಿಭಾ. ಮಗಳನ್ನೆತ್ತಿಕೊಂಡು ಕಾರಿನತ್ತ ಹೋದಳು.

ಸಂಗನಬಸಪ್ಪ ರಿಪೇರಿಯವರನ್ನು ತುರ್ತಾಗಿ ಕರೆಸಿ, ರಜೆ ಹಾಕಿ ನಿಂತು ಹೊಸ ಪಂಪು, ಹೊಸ ಸ್ವಿಚ್ಚು ಹಾಕಿಸಿದ. ಆರಿಸಿಬಿಡೋಣ ಎಂದಿದ್ದ ಅವನ ಮಾತು ಅವಳನ್ನು ಕೊರೆಯಿತು. ಅವನು ರಿಪೇರಿಯವರೊಂದಿಗೆ ನೆಲಮಾಳಿಗೆಯಲ್ಲಿದ್ದಾಗ ಅವಳು ಉಳಿದ ತಾಯಂದಿರಿಗೆಲ್ಲ ತಾನೇ ಫೋನು ಮಾಡಿ ಕಿವಿಯ ವಿಷಯ ಹೇಳಿದಳು. ಒಬ್ಬಳು ಅತ್ತಳು. ಇನ್ನೊಬ್ಬಳು ಬೇರೆ ಡೇಕೇರು ನೋಡಿಕೊಂಡಿದ್ದೇವೆ ಎಂದು ಸಂಜೆ ಮೆಸೇಜು ಕಳಿಸಿದಳು. ವಿಭಾಳಿಗೂ ಮಾಡಿದಳು, ಅವಳು ಎತ್ತಲೇ ಇಲ್ಲ.

ಸೋಮವಾರ ಬೆಳಿಗ್ಗೆ ಮನೆ ಬೆಚ್ಚಗಿತ್ತು. ಗುರುಬಸವ್ವ ಬಾಗಿಲು ತೆರೆದಿಟ್ಟು ನಿಂತಳು. ರಸ್ತೆಯಲ್ಲಿ ಕಾರು ಬಂದಾಗಲೆಲ್ಲ ಹೊಸ್ತಿಲು ದಾಟಿ ನೋಡುತ್ತಿದ್ದಳು. ಮೂರು ಮಕ್ಕಳು ಬಂದವು. ಇನ್ನು ಯಾರೂ ಬರಲಾರರು ಎಂದು ಬಾಗಿಲು ಎಳೆಯುವ ಹೊತ್ತಿಗೆ ವಿಭಾಳ ಕಾರು ನಿಂತಿತು. ಅವಳು ಅವಸರದಲ್ಲೇ ಇಳಿದು, ಮಗಳಿಗೆ ನೆಗಡಿಯಾಗಿದೆ, ಊಟವಾದ ಮೇಲೆ ಸಿರಪ್ಪು ಕೊಡಿ ಎಂದು ಚೀಲ ಕೊಟ್ಟಳು. ಆಸ್ಪತ್ರೆಯತ್ತ ಕಾರು ತಿರುಗಿಸಿದಳು. ಗುರುಬಸವ್ವ ಮಗುವನ್ನು ಒಳಗೆ ಕರೆತಂದು ಮಂಡಿಯೂರಿ ಕೂತು ಜಾಕೆಟ್ಟಿನ ಜಿಪ್ಪು ಎಳೆದಳು. ಜಾಕೆಟ್ಟು ಕಳಚಿದ್ದೇ ಸಂಯುಕ್ತಾ ಉಳಿದ ಮಕ್ಕಳತ್ತ ಓಡಿದಳು, ಗುರುಬಸವ್ವನ ಕಣ್ಣು ಅವಳ ಹಿಂದೆಯೇ ಹೋಯಿತು.