ಹೂಬತ್ತಿಯ ಅಳತೆ

ಒಂದು ಹಿಡಿ ಹತ್ತಿಯಿಂದ ಎಷ್ಟು ಹೂಬತ್ತಿ ಹೊಸೆಯಬಹುದು ಎಂಬುದು ಕಾದಂಬರಿ ಬರೆಯುವವನು ಅವಶ್ಯವಾಗಿ ತಿಳಿದಿರಬೇಕಾದ ಸಂಗತಿ ಎಂದರೆ ನೀವು ನಗುತ್ತೀರಿ. ನಗಿ, ನನ್ನದೇನೂ ಅಡ್ಡಿಯಿಲ್ಲ. ನಾನೂ ಈ ವಿದ್ಯೆಯನ್ನು ಕಲಿತದ್ದು ಮರ್ಯಾದೆ ಕಳೆದುಕೊಂಡ ಮೇಲೆಯೇ.

ಎಪ್ಪತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ನಾವು ರಾಜಾಜಿನಗರದ ಒಂದು ವಠಾರದಲ್ಲಿದ್ದೆವು. ನಾನು ವೃತ್ತಿಯಿಂದ ಗುಮಾಸ್ತ, ಸ್ವಂತ ಅಭಿಪ್ರಾಯದಲ್ಲಿ ಮಾತ್ರ ಕಾದಂಬರಿಕಾರ. ಆರು ವರ್ಷ ಬರೆದ ನನ್ನ ಏಕೈಕ ಕಾದಂಬರಿಯನ್ನು ವಾರಪತ್ರಿಕೆಯೊಂದರ ಸಂಪಾದಕರು ಹಿಂದಿರುಗಿಸಿ, ಕಥೆಯೇನೋ ಇದೆ, ಅಧ್ಯಾಯಗಳಿಗೆ ಮಾತ್ರ ಕೊನೆಯೆಂಬುದಿಲ್ಲ, ಯುಗಾದಿಯೊಳಗೆ ತಿದ್ದಿ ಕಳಿಸಿದರೆ ಕಟ್ಟಕಡೆಯದಾಗಿ ಇನ್ನೊಮ್ಮೆ ನೋಡುತ್ತೇನೆ ಎಂದು ಬರೆದಿದ್ದರು. ಅಧ್ಯಾಯ ಎಷ್ಟು ಉದ್ದವಿರಬೇಕೆಂದು ಅವರು ಹೇಳಲಿಲ್ಲ. ಕಂಡಕಂಡವರನ್ನು ಕೇಳಿದೆ. ಪಕ್ಕದ ಮೇಜಿನ ಸಹೋದ್ಯೋಗಿಯ ಪ್ರಕಾರ ನಮ್ಮ ಬಸ್ಸು ಮೆಜೆಸ್ಟಿಕ್ ಮುಟ್ಟುವಷ್ಟರಲ್ಲಿ ಅಧ್ಯಾಯ ಮುಗಿಯಬೇಕು. ಆದರೆ ಆ ಬಸ್ಸು ಎರಡು ದಿನ ಒಂದೇ ಹೊತ್ತಿಗೆ ಮುಟ್ಟಿದ್ದನ್ನು ನಾನು ಕಂಡಿಲ್ಲ. ವಠಾರದ ಕೊನೆಮನೆಯ ನಿವೃತ್ತ ಮೇಷ್ಟರು ಎಲ್ಲ ಅಧ್ಯಾಯಗಳೂ ಸರಿಸಮವಾಗಿರಬೇಕೆಂದರು. ಅವರು ಕಲಿಸುತ್ತಿದ್ದದ್ದು ಗಣಿತ.

ಅಷ್ಟರಲ್ಲಿ ನನ್ನ ಅತ್ತೆ, ಅಂದರೆ ಹೆಂಡತಿ ಸರೋಜಳ ತಾಯಿ, ಕಣ್ಣಿನ ಪೊರೆ ತೆಗೆಸಿಕೊಳ್ಳಲು ತುಮಕೂರಿನಿಂದ ಬಂದರು. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಗೋಡೆಗೊರಗಿ ಕುಳಿತ ಆಕೆ ಸುಮ್ಮನಿರಲಾರದೆ ಹತ್ತಿ ತರಿಸಿಕೊಂಡು, ಬೆರಳಿಗೆ ವಿಭೂತಿ ಸವರಿಕೊಂಡು, ಕಾಣದಿದ್ದರೂ ಒಂದೇ ಅಳತೆಯ ಬತ್ತಿಗಳನ್ನು ಹೊಸೆದು ತಟ್ಟೆಗೆ ಹಾಕುತ್ತಿದ್ದರು. ಎದ್ದು ಹೋಗಲಾರದ ಶ್ರೋತೃ ಯಾವ ಲೇಖಕನಿಗೆ ಸಿಕ್ಕೀತು? ಕಚೇರಿಯಿಂದ ಬಂದು ಕಾಫಿ ಕುಡಿದವನೇ ಸಂಜೆಗೊಂದು ಅಧ್ಯಾಯ ಓದತೊಡಗಿದೆ.

ಆದರೆ ಅತ್ತೆಯಾದವಳು ಅಳಿಯನೆದುರು ಅಭಿಪ್ರಾಯ ಹೇಳುವ ಪದ್ಧತಿ ಅವರ ಮನೆತನದಲ್ಲಿರಲಿಲ್ಲ. ಏನು ಕೇಳಿದರೂ ಚೆನ್ನಾಗಿದೆಯೆಂದು ಸರೋಜಳ ಮೂಲಕ ಉತ್ತರ ಬರುತ್ತಿತ್ತು. ನಾನು ಮಾಡಿದ ಉಪ್ಪಿಟ್ಟಿಗೂ ಅದೇ ಉತ್ತರ. ಹೀಗಾಗಿ ನಾನು ತಟ್ಟೆಯನ್ನು ನೋಡತೊಡಗಿದೆ. ಮೂರನೆಯ ಅಧ್ಯಾಯ ನಾಯಕನ ವಂಶಾವಳಿ, ನಲವತ್ತು ಪುಟ. ಮುಗಿಯುವ ಹೊತ್ತಿಗೆ ಬತ್ತಿಗಳು ತಟ್ಟೆ ತುಂಬಿ ಚಾಪೆಯ ಮೇಲೂ ಬಿದ್ದಿದ್ದವು. ಕೇಳುವ ಹುಮ್ಮಸ್ಸಿನಲ್ಲಿ ಕೈ ಹೀಗೆ ಓಡಿದೆಯೆಂದು ಹಿಗ್ಗಿ, ವಂಶಾವಳಿಗೆ ಇನ್ನೂ ಎರಡು ತಲೆಮಾರು ಸೇರಿಸಿದೆ.

ನಾಲ್ಕನೆಯ ಅಧ್ಯಾಯ ಮುಗಿದ ದಿನ ಈ ಸಿದ್ಧಾಂತವನ್ನು ಸರೋಜಳಿಗೆ ವಿವರಿಸಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಅಮ್ಮಂಗೆ ಮನಸ್ಸು ಒಂದ್ಕಡೆ ನಿಂತ್ರೆ ಕೈ ಓಡಲ್ಲ ಕಣ್ರೀ. ಬೇಜಾರಾದ್ರೇನೇ ಅವ್ರು ಬತ್ತಿ ಹೊಸೆಯೋದು."

ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿ ನನ್ನ ಕಾದಂಬರಿಯ ಬೇಸರವೆಲ್ಲ ಆರು ತಿಂಗಳಿಗಾಗುವಷ್ಟು ಶೇಖರವಾಗಿತ್ತು. ನಾಚಿಕೆಯಿಂದ ಎರಡು ದಿನ ಹಸ್ತಪ್ರತಿ ಮುಟ್ಟಲಿಲ್ಲ. ಮೂರನೆಯ ದಿನ ಕುತೂಹಲ ನಾಚಿಕೆಯನ್ನು ಗೆದ್ದಿತು. ಆ ಕೈ ಯಾವ ಮಾತಿಗೆ ಓಡುತ್ತದೆ, ಯಾವುದಕ್ಕೆ ನಿಲ್ಲುತ್ತದೆ? ಓದುತ್ತ ಓದುತ್ತ ಪುಟದ ಅಂಚಿನಲ್ಲಿ ಬತ್ತಿಗೊಂದು ಗೆರೆ ಹಾಕುತ್ತ ಹೋದೆ. ಸೂರ್ಯೋದಯದ ವರ್ಣನೆಗೆ ಎಂಟು ಬತ್ತಿ, ನಾಯಕನ ತತ್ತ್ವಚಿಂತನೆಗೆ ಹದಿನಾಲ್ಕು. ಹೊಡೆದುಹಾಕುವಾಗ ಹೊಟ್ಟೆ ಉರಿಯಿತು, ಆದರೂ ಹೊಡೆದುಹಾಕಿದೆ. ನಲವತ್ತು ಪುಟದ ವಂಶಾವಳಿ ಒಂದು ವಾಕ್ಯಕ್ಕಿಳಿಯಿತು. ವಿಚಿತ್ರವೆಂದರೆ, ಇಪ್ಪತ್ತೆರಡು ಪುಟ ನಡೆಯುವ ಓರಗಿತ್ತಿಯರ ಜಗಳಕ್ಕೆ ಆಗಿದ್ದು ಎರಡೇ ಬತ್ತಿ. ಅದರಲ್ಲಿ ಒಂದಕ್ಷರವನ್ನೂ ಮುಟ್ಟಲಿಲ್ಲ.

ಯುಗಾದಿಗೆ ಇನ್ನೆರಡೇ ದಿನವಿದ್ದಾಗ ಓದಿದ್ದು ಕೊನೆಯದಕ್ಕಿಂತ ಹಿಂದಿನ ಅಧ್ಯಾಯ, ಬರೀ ಮೂರು ಪುಟ. ಮನೆ ಬಿಟ್ಟು ಹೋದ ಮಗಳಿಂದ ತಾಯಿಗೊಂದು ಕಾಗದ ಬರುತ್ತದೆ. ಓದು ಬರದ ಆಕೆ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಒಲೆಯ ಮುಂದೆ ಕೂರುತ್ತಾಳೆ. ಅಲ್ಲಿಗೆ ನಿಲ್ಲಿಸಿದೆ. ಹೊರಗೆ ಕಾರ್ಖಾನೆಯ ಸೈರನ್ ಕೂಗಿತು. ಸರೋಜ ದೀಪ ಹಚ್ಚಲು ಎದ್ದಳು. ಆಗ ಅತ್ತೆ, ಮಗಳ ಮಧ್ಯಸ್ಥಿಕೆಯಿಲ್ಲದೆ ಮೊಟ್ಟಮೊದಲ ಸಲ, ನನ್ನ ದನಿ ಇದ್ದ ಕಡೆಗೆ ಮುಖ ತಿರುಗಿಸಿದರು.

"ಆ ಕಾಗ್ದಾನ ಯಾರ ಕೈಲಿ ಓದಿಸ್ತಾಳೆ, ಅಳಿಯಂದ್ರೇ?"

ನಾಳೆ ಹೇಳುತ್ತೇನೆ ಎಂದು ಹಸ್ತಪ್ರತಿ ಮಡಚಿಟ್ಟೆ. ಸಂಪಾದಕರು ಏನೆಂದಾರು ಎಂಬ ಚಿಂತೆ ಅಂದಿಗೆ ನನ್ನನ್ನು ಬಿಟ್ಟುಹೋಯಿತು. ಬತ್ತಿಗೆಂದು ತಟ್ಟೆಗೆ ಕೈಹಾಕಿದ ಸರೋಜಳಿಗೆ ಒಂದೂ ಸಿಗಲಿಲ್ಲ. ಹಿಡಿ ಹತ್ತಿ ಅತ್ತೆಯ ಮಡಿಲಲ್ಲಿ ಹಿಡಿ ಹತ್ತಿಯಾಗಿಯೇ ಉಳಿದಿತ್ತು. ಅವಳು ಒಳಗೆ ಹೋಗಿ ಡಬ್ಬಿ ತೆರೆದು, ವಂಶಾವಳಿಯ ಕಾಲದ ಬತ್ತಿಯೊಂದನ್ನು ತೆಗೆದು ಎಣ್ಣೆಗೆ ಅದ್ದಿದಳು. ದೀಪ ಚೆನ್ನಾಗಿಯೇ ಉರಿಯಿತು.