ಅತ್ತೆಯ ವಯರ್ ಬುಟ್ಟಿ

ಇವತ್ತು ಬೆಳಿಗ್ಗೆ ಅಟ್ಟದ ಮೇಲಿಂದ ಹಳೆಯ ವಯರ್ ಬುಟ್ಟಿಯನ್ನು ಇಳಿಸಿದೆ. ಹಸಿರು ಹಳದಿ ಪ್ಲಾಸ್ಟಿಕ್ ಎಳೆಯಲ್ಲಿ ಹೆಣೆದ, ಎಷ್ಟು ತುಂಬಿದರೂ ಹರಿಯದ ಬುಟ್ಟಿ ಅದು. ತಮಿಳುನಾಡಿನ ನಮ್ಮ ಸಿರುಮುಗೈ ಕಡೆ ಇದಿಲ್ಲದೆ ಯಾರೂ ಬಸ್ ಹತ್ತುವುದಿಲ್ಲ. ತಲೆಕೆಳಗು ಮಾಡಿ ಕೊಡವಿದಾಗ ಒಣಗಿ ಗೋಲಿಯಂತಾದ ಒಂದು ನಿಂಬೆಹಣ್ಣು ಉರುಳಿತು, ಬಸ್ ಟಿಕೆಟ್ಟುಗಳ ಮುದ್ದೆ ಬಿತ್ತು, ಕೊನೆಗೆ ವಿಭೂತಿಯ ಪುಡಿ ಮೆತ್ತಿಕೊಂಡ ಕೆಂಪು ರೇಷ್ಮೆ ಎಳೆಗಳ ಒಂದು ಸಿಕ್ಕು ಬಿತ್ತು. ನಿಂಬೆಹಣ್ಣನ್ನು ಎಸೆದೆ. ಎಳೆಗಳನ್ನು ಎಸೆಯಲು ಕೈ ಬರಲಿಲ್ಲ.

ಬುಟ್ಟಿ ಕೇಳಿದ್ದು ಹಿಂದಿನ ಬೀದಿಯ ಸರೋಜಕ್ಕ. ಅವರೂ ನಮ್ಮವರೇ, ನೇಕಾರರೇ. ಎದೆಯ ಗೆಡ್ಡೆಗೆ ಆಪರೇಷನ್ ಆಗಿದೆ, ನಾಳೆ ಮೊದಲ ಕೀಮೋ. ನಿನ್ನೆ ಸಂಜೆ ನಮ್ಮ ಜಗಲಿಯಲ್ಲಿ ಕೂತು, ಸೆರಗಿನ ತುದಿಯನ್ನು ಸುತ್ತುತ್ತಾ, "ಅಲ್ಲಿ ಏನ್ ಮಾಡ್ತಾರೆ, ಹೇಳು. ನೀನು ಅತ್ತೆ ಜೊತೆ ಪ್ರತಿ ಸಲ ಹೋದವಳಲ್ಲ?" ಎಂದರು. ನಾನು, "ಏನೂ ಆಗಲ್ಲ ಅಕ್ಕ, ಧೈರ್ಯವಾಗಿರಿ" ಎಂದೆ. ರೋಗಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಬಂದವರಿಗೆ ಧೈರ್ಯ ಹಂಚುವುದು ಎಷ್ಟು ಸುಲಭ, ನೋಡಿ! ಸರೋಜಕ್ಕ ತಲೆಯಾಡಿಸಿ ಎದ್ದುಹೋದರು. ಅವರಿಗೆ ಬೇಕಾದದ್ದು ನನ್ನಿಂದ ಸಿಗಲಿಲ್ಲ ಎಂದು ಅವರ ನಡಿಗೆಯಲ್ಲೇ ಗೊತ್ತಾಗುತ್ತಿತ್ತು.

ನಮ್ಮ ಅತ್ತೆಯ ಬಗ್ಗೆ ನಿಮಗೆ ಹೇಳಬೇಕು. ನಾನು ಕೊಳ್ಳೇಗಾಲದವಳು. ದಿಂಬಂ ಘಾಟಿ ಇಳಿದು ಈ ಮನೆಗೆ ಸೊಸೆಯಾಗಿ ಬಂದಾಗ, ಕನ್ನಡದ ಮನೆಗೇ ಬಂದಿದ್ದೇನೆ, ಮಾತಿಗೇನು ತೊಂದರೆ ಎಂದುಕೊಂಡಿದ್ದೆ. ಮೊದಲ ವಾರ ಅತ್ತೆ ಹೇಳಿದ್ದರಲ್ಲಿ ಅರ್ಧ ತಿಳಿಯಲಿಲ್ಲ. ಮಗ್ಗಕ್ಕೆ ತರಿ, ಹಾಸುನೂಲಿಗೆ ಪಾವು, ಔಷಧಿಗೆ ಮರುಂದು ಎನ್ನುತ್ತಿದ್ದರು. ನನ್ನ ಮಾತು ಅವರಿಗೆ ಇನ್ನೂ ತಮಾಷೆಯಾಗಿ ಕೇಳಿಸುತ್ತಿತ್ತು. "ಅಮ್ಮುಣಿ, ನಿನ್ ಕನ್ನಡ ರೇಡಿಯೋ ಮಾದ್ರಿ ಇದೆ. ನ್ಯೂಸ್ ಮುಗೀತಾ, ಇನ್ನೂ ಇದೆಯಾ?" ಎಂದು ಕೇಳಿ ಇಡೀ ಮನೆಯನ್ನು ನಗಿಸುತ್ತಿದ್ದರು. ಅವರಿಗೆ ಕನ್ನಡ ಓದಲು ಬಾರದು. ಆದರೆ ಮನೆಯ ಹೊಸಿಲು ದಾಟಿದರೆ ತಮಿಳು, ಒಳಗೆ ಬಂದರೆ ಕನ್ನಡ ಎಂಬ ಲೆಕ್ಕ ಮಾತ್ರ ಒಂದು ದಿನವೂ ತಪ್ಪಿದ್ದಿಲ್ಲ.

ಈ ಲೆಕ್ಕದಿಂದ ಇನ್ನೊಂದು ಉಪಯೋಗವಿತ್ತು. ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆ ಮಂಟಪದಲ್ಲಿ ಯಾರ ಮುಂದೆಯೇ ಆಗಲಿ ಗುಟ್ಟು ಮಾತಾಡಬೇಕಾದರೆ ನಮ್ಮವರು ಕನ್ನಡಕ್ಕೆ ತಿರುಗಿಬಿಡುತ್ತಾರೆ. ಪಿಸುಗುಡುವ ಅಗತ್ಯವೇ ಇಲ್ಲ. ಸೀರೆ ಅಂಗಡಿಯವನ ಎದುರೇ ನಿಂತು, "ಇವನ ಮುಖ ನೋಡು, ಬಣ್ಣ ಬಿಡೋ ಸೀರೆ ಅಂತ ಅದ್ರಲ್ಲೇ ಬರೆದದೆ" ಎಂದು ಅತ್ತೆ ಗಟ್ಟಿಯಾಗಿಯೇ ಹೇಳುತ್ತಿದ್ದರು. ಕನ್ನಡ ಎಂದರೆ ಅವರ ಪಾಲಿಗೆ ಎಲ್ಲಿಗೆ ಬೇಕಾದರೂ ಹೊತ್ತುಕೊಂಡು ಹೋಗಬಹುದಾದ ಅಡುಗೆಮನೆ.

ಅತ್ತೆಗೆ ಎಡ ಎದೆಯಲ್ಲಿ ಕಾಯಿಲೆ ಎಂದು ತಿಳಿದದ್ದು, ಆಪರೇಷನ್ ಆದದ್ದು ಎಲ್ಲ ಮುಗಿದ ಮೇಲೆ ಶುರುವಾಯಿತು ಕೀಮೋಗೆಂದು ನಮ್ಮ ಕೋವೈ ಪ್ರಯಾಣ, ಎಂದರೆ ಕೊಯಮತ್ತೂರಿನ ಆಸ್ಪತ್ರೆಗೆ. ಮುಂಜಾನೆ ಮೇಟ್ಟುಪಾಳ್ಯಂ ಬಸ್ಸು, ಅಲ್ಲಿಂದ ಕೋವೈ ಬಸ್ಸು, ಮಡಿಲಲ್ಲಿ ಈ ಬುಟ್ಟಿ. ಒಳಗೆ ಫ್ಲಾಸ್ಕಿನಲ್ಲಿ ಗಂಜಿ, ಹೊದೆಯಲು ಒಂದು ಶಾಲು, ವಾಕರಿಕೆಗೆ ಮೂಸಲು ನಿಂಬೆಹಣ್ಣು. ಮೊದಲು ರಕ್ತಪರೀಕ್ಷೆ. ರಕ್ತದ ಕಣಗಳು ಕಡಿಮೆಯಿದ್ದರೆ ಬಂದ ದಾರಿಗೆ ಸುಂಕವಿಲ್ಲದೆ ವಾಪಸ್ಸು. ಒಮ್ಮೆ ಹಾಗೆ ಕಳಿಸಿದಾಗ ಅತ್ತೆ, ಪರೀಕ್ಷೆಯಲ್ಲಿ ಫೇಲಾದ ಹುಡುಗಿಯಂತೆ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದರು. ರಕ್ತ ಸರಿಯಿದ್ದರೆ ತೂಕ ನೋಡಿ, ಬಿಪಿ ನೋಡಿ, ಸಾಲಾಗಿ ಇಟ್ಟ ಒರಗುಕುರ್ಚಿಗಳಲ್ಲಿ ಒಂದಕ್ಕೆ ಕಳಿಸುತ್ತಿದ್ದರು. ಆಪರೇಷನ್ ಆದ ಕಡೆಯ ಕೈಗೆ ಸೂಜಿಯೂ ಇಲ್ಲ, ಬಿಪಿ ಪಟ್ಟಿಯೂ ಇಲ್ಲ. ಎಲ್ಲವೂ ಬಲಗೈಗೇ.

ಮೊದಲ ದಿನ ನಾನು ಏನೇನೋ ಭಯಂಕರವಾದದ್ದನ್ನು ಕಲ್ಪಿಸಿಕೊಂಡಿದ್ದೆ. ಅಲ್ಲಿ ನೋಡಿದರೆ ಒಬ್ಬರು ಗೊರಕೆ ಹೊಡೆಯುತ್ತಿದ್ದರು, ಇನ್ನೊಬ್ಬರು ಮೊಬೈಲಿನಲ್ಲಿ ಧಾರಾವಾಹಿ ನೋಡುತ್ತಿದ್ದರು, ಮತ್ತೊಬ್ಬರು ಮಗಳಿಗೆ ಫೋನಿನಲ್ಲೇ ಸಾಂಬಾರು ಮಾಡಿಸುತ್ತಿದ್ದರು. ಮೊದಲು ವಾಂತಿ ತಡೆಯುವ ಔಷಧಿ, ಆಮೇಲೆ ನಿಜವಾದದ್ದು. ಅದು ದಾಸವಾಳದ ಕೆಂಪು. ಸಿಸ್ಟರ್ ಪಕ್ಕದಲ್ಲೇ ಕೂತು ಸಿರಿಂಜಿನಿಂದ ನಿಧಾನವಾಗಿ ಏರಿಸುತ್ತಿದ್ದರೆ, ಬಾಯಿ ಹುಣ್ಣಾಗದಿರಲೆಂದು ಅತ್ತೆ ಐಸ್ ಚೀಪಬೇಕಿತ್ತು. ಮೂತ್ರವೂ ಕೆಂಪಗೆ ಹೋಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿದ್ದರು. ಅತ್ತೆ ಹೆದರಲಿಲ್ಲ. ಬಚ್ಚಲಿನಿಂದ ಬಂದು, "ಬಣ್ಣ ಚೆನ್ನಾಗಿ ಹಿಡಿದದೆ ಅಮ್ಮುಣಿ, ಸಾಯಪಟ್ಟರೆಯವರು ಕಲೀಬೇಕು" ಎಂದರು. ಸಾಯಪಟ್ಟರೆ ಎಂದರೆ ನೂಲಿಗೆ ಬಣ್ಣ ಹಾಕುವ ಜಾಗ. ನಾನು ನಗಬೇಕೋ ಅಳಬೇಕೋ ತಿಳಿಯದೆ ಐಸ್ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತಿದ್ದೆ.

ಆ ದಿನ ಏನೂ ಆಗಲಿಲ್ಲ. ಆಗುವುದೆಲ್ಲ ಮನೆಗೆ ಬಂದ ಮೇಲೆಯೇ. ಸಾರು ಕಬ್ಬಿಣದ ರುಚಿ ಎನ್ನುವುದು, ಒಗ್ಗರಣೆಯ ವಾಸನೆಗೇ ಎದ್ದು ಓಡುವುದು, ಮೈ ಸ್ವಲ್ಪ ಬಿಸಿಯಾದರೂ ಕಾಯದೆ ಆಸ್ಪತ್ರೆಗೆ ಬನ್ನಿ ಎಂದಿದ್ದರಿಂದ ನಾನು ಹೊತ್ತಿಗೊಮ್ಮೆ ಥರ್ಮಾಮೀಟರ್ ಹಿಡಿದು ಅವರ ಹಿಂದೆ ಬೀಳುವುದು. ಕೂದಲು ಬಾಚಣಿಗೆಯಲ್ಲಿ ಕಂತೆ ಕಂತೆಯಾಗಿ ಬರತೊಡಗಿದ ದಿನ ಅತ್ತೆ ತಾವೇ ಹೇಳಿ ತಲೆ ಬೋಳಿಸಿಕೊಂಡರು. ಆಮೇಲೆ ಕನ್ನಡಿ ನೋಡದೆ ನನ್ನ ಮುಖ ನೋಡಿ, "ಹೆಂಗಿದೀನಿ?" ಎಂದರು. "ಪಳನಿಗೆ ಹೋಗಿಬಂದ ಹಾಗಿದ್ದೀರಿ" ಎಂದೆ. ನಕ್ಕರು. ನಕ್ಕದ್ದಕ್ಕೆ ನಾನು ಬಚಾವಾದೆ.

ಇಷ್ಟನ್ನೆಲ್ಲ ಸಹಿಸಿದ ಅತ್ತೆಯನ್ನು ಅಲುಗಿಸಿದ್ದು ಕೆಂಪು ಮುಗಿದ ಮೇಲೆ ಕೊಟ್ಟ ಎರಡನೆಯ ಔಷಧಿ. ಅದಕ್ಕೆ ಬಣ್ಣವಿಲ್ಲ, ನೀರಿನಂತೆ ಸಾಧು. ವಾರಕ್ಕೊಮ್ಮೆ ಹೋಗಬೇಕಿತ್ತು. ಅದು ಬೆರಳ ತುದಿಗಳನ್ನು ಮರಗಟ್ಟಿಸುತ್ತದೆ.

ಬೆರಳು ಎಂದರೆ ಈ ಮನೆಯಲ್ಲಿ ಏನು ಎಂಬುದನ್ನು ಹೇಳದಿದ್ದರೆ ನಿಮಗೆ ಅದು ಅಷ್ಟಾಗಿ ತಟ್ಟಲಾರದು. ಮಗ್ಗದ ಮೇಲಿನ ಹಾಸು, ಎಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿಯುತ್ತಾ ಬಂದಾಗ ಅದನ್ನು ಪೂರ್ತಿ ಬಿಚ್ಚುವುದಿಲ್ಲ. ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೆ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸಬೇಕು. ಬೆರಳಿಗೆ ಒಂದಿಷ್ಟು ವಿಭೂತಿ ಮುಟ್ಟಿಸಿಕೊಂಡು, ಹೆಬ್ಬೆರಳು ತೋರುಬೆರಳ ನಡುವೆ ಎರಡೂ ತುದಿ ಹಿಡಿದು ಒಂದು ತಿರುವು, ಒಂದು ಮಡಿಕೆ. ಕಣ್ಣಿಗೆ ಸರಿಯಾಗಿ ಕಾಣದಷ್ಟು ನವಿರಾದ ರೇಷ್ಮೆ, ಸಾವಿರಾರು ಎಳೆ. ಅತ್ತೆಯ ಮಗ, ಎಂದರೆ ನನ್ನ ಗಂಡ, ನೇಯುತ್ತಾರೆ, ನಾನು ನೂಲನ್ನು ಕಂಡಿಕೆಗೆ ಸುತ್ತುತ್ತೇನೆ, ಹೊಸೆಯುವುದು ಮಾತ್ರ ಅತ್ತೆಯೇ. ಊರಿನಲ್ಲಿ ಬೇರೆಯವರ ಮಗ್ಗಕ್ಕೂ ಅವರನ್ನೇ ಕರೆಯುತ್ತಿದ್ದರು. ಅವರು ಕೂಡಿಸಿದ ಹಾಸು ಬಾಚಣಿಗೆಯಂಥ ಅಚ್ಚಿನ ಹಲ್ಲುಗಳ ನಡುವೆ ಒಂದು ಎಳೆಯೂ ಕಡಿಯದೆ ಜಾರಿಬರುವುದನ್ನು ನೋಡಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಎರಡನೆಯ ಔಷಧಿ ಶುರುವಾದ ದಿನದಿಂದ ಅತ್ತೆ ಬುಟ್ಟಿಯಲ್ಲಿ ಕೆಂಪು ರೇಷ್ಮೆಯ ತುಂಡು ಎಳೆಗಳನ್ನೂ ವಿಭೂತಿ ಪೊಟ್ಟಣವನ್ನೂ ಇಟ್ಟುಕೊಳ್ಳತೊಡಗಿದರು. ಸೂಜಿ ಮುಂಗೈಯಲ್ಲಿ, ಬೆರಳುಗಳು ಸ್ವತಂತ್ರ. ಡ್ರಿಪ್ ಇಳಿಯುತ್ತಿರುವಾಗ ಶಾಲಿನ ಮರೆಯಲ್ಲಿ ಎಳೆಗೆ ಎಳೆ ಹೊಸೆಯುತ್ತಿದ್ದರು. ಪಕ್ಕದ ಕುರ್ಚಿಯವರು ವಿಭೂತಿ ಕಂಡು, ಎಂಥ ಭಕ್ತಿ ಎಂದು ಕೈಮುಗಿದರು. ಅತ್ತೆ ಅವರ ಹಣೆಗೂ ಒಂದಿಷ್ಟು ಹಚ್ಚಿ ಆಶೀರ್ವಾದ ಮಾಡಿದರು.

ಅಲ್ಲಿ ನಮಗೆ ಸಿಗುತ್ತಿದ್ದ ಸಿಸ್ಟರ್ ತೆಳ್ಳಗಿನ, ಚುರುಕಾದ ಹುಡುಗಿ. ಎಲ್ಲರೊಂದಿಗೂ ಚಂದದ ತಮಿಳು ಮಾತಾಡುತ್ತಿದ್ದಳು. ಅವಳ ಎದುರೇ ಅತ್ತೆಯ ಕನ್ನಡದ ಟೀಕೆ ಪ್ರತಿ ವಾರವೂ ನಡೆಯುತ್ತಿತ್ತು. "ಊಸಿ ಚುಚ್ಚೋಕೆ ಮುಂಚೆ ನಗ್ತಾಳೆ, ನೋಡು. ಇವಳನ್ನ ಕಟ್ಕೊಳ್ಳೋನು ಹುಷಾರಾಗಿರ್ಬೇಕು." ಹುಡುಗಿ ತನ್ನ ಪಾಡಿಗೆ ಟ್ಯೂಬು ಸರಿಮಾಡುತ್ತಿದ್ದಳು. ನಾನು ಮುಖ ಗಂಟಿಕ್ಕಿಕೊಂಡು ನಗು ನುಂಗುತ್ತಿದ್ದೆ.

ಒಂದು ವಾರ ಡ್ರಿಪ್ ಹಾಕುವ ಮುಂಚೆ ಅವಳು ಎಂದಿನಂತೆ ಕೇಳಿದಳು: ಬೆರಳು ಮರಗಟ್ಟಿದೆಯೇ, ಗುಂಡಿ ಹಾಕಲು ಕಷ್ಟವಾಗುತ್ತದೆಯೇ?

"ಇಲ್ಲೀಂಗ" ಎಂದು ಅತ್ತೆ ತಮಿಳಿನಲ್ಲಿ ಮುಗುಳ್ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ಅದೇ ಮುಗುಳ್ನಗೆಯಲ್ಲಿ, ಕನ್ನಡದಲ್ಲಿ ಹೇಳಿದರು: "ಬೆರಳು ಸತ್ತೋಗದೆ ಅಮ್ಮುಣಿ. ಎಳೆ ಹಿಡಿದ್ರೆ ಹಿಡಿದಿದ್ದೇ ತಿಳಿಯಲ್ಲ. ನೀನು ಬಾಯ್ ಬಿಡ್ಬೇಡ. ಹೇಳಿದ್ರೆ ಮರುಂದು ನಿಲ್ಲಿಸ್ಬುಡ್ತಾರೆ, ನಿಲ್ಲಿಸಿದ್ರೆ ಅದು ತಿರುಗಿ ಬತ್ತದೆ. ಬೆರಳು ಹೋಗ್ಲಿ, ನಾನು ಇದ್ರೆ ಸಾಕಲ್ಲ?"

ಬೆರಳು ಹೋದರೆ ಈ ಹೆಂಗಸಿನಲ್ಲಿ ಎಷ್ಟು ಉಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಅದನ್ನು ತಿಳಿದೇ ಕೊಟ್ಟುಬಿಡಲು ಕೂತಿದ್ದರು.

ಸಿಸ್ಟರ್ ಕೈಯಲ್ಲಿದ್ದ ಟ್ಯೂಬನ್ನು ಕೊಕ್ಕೆಗೆ ತಗುಲಿಸಿದಳು. ಸ್ಟೂಲು ಎಳೆದುಕೊಂಡು ಅತ್ತೆಯ ಮುಂದೆ ಕೂತು, "ಅವ್ವಾ, ನಿಲ್ಲಿಸಲ್ಲ" ಎಂದಳು, ನಮ್ಮ ಮನೆಯ ಕನ್ನಡದಲ್ಲೇ. "ಕಮ್ಮಿ ಮಾಡ್ತಾರೆ, ಇಲ್ಲ ಬೇರೆ ಏನಾದ್ರೂ ಮಾಡ್ತಾರೆ. ಹೇಳ್ದೇ ಇದ್ರೆ ಮಾತ್ರ ಬೆರಳು ತಿರುಗಿ ಬರ್ದೇನೇ ಹೋಗ್ಬಹುದು. ವಿಭೂತಿ ಹಚ್ಚಿದ್ರೂ ಹೋದ ವಾರದಿಂದ ಎಳೆ ಜಾರ್ತಾ ಇದೆ. ನಾನೂ ನೋಡ್ತಾನೇ ಇದ್ದೆ."

ಯಾವೂರು ಎಂದು ಅತ್ತೆ ಕೇಳಿದರು. ಹುಡುಗಿಯದು ಕೋವೈ ಹತ್ತಿರದ ಕರುಮತ್ತಂಪಟ್ಟಿ. ಮನೆ ತುಂಬ ಪವರ್‌ಲೂಮ್, ಮನೆ ಮಾತು ಕನ್ನಡ. ಹೊಸೆಯುವುದನ್ನು ಚಿಕ್ಕಂದಿನಿಂದ ನೋಡಿದವಳು.

"ಹಂಗಾದ್ರೆ ಇಷ್ಟು ದಿನ ನಾನು ಹೇಳಿದ್ದೆಲ್ಲ..." ಎಂದು ಅತ್ತೆ ತೊದಲಿದರು.

"ಎಲ್ಲಾ ಕೇಳ್ಸ್ತು. ನನ್ನ ಕಟ್ಕೊಳ್ಳೋನ್ಗೂ ಹೇಳ್ತೀನಿ" ಎಂದು ಹುಡುಗಿ ನಕ್ಕಳು. "ಡ್ಯೂಟಿಲಿ ಮನೆ ಮಾತು ಕೇಳೋಕೆ ಸಿಗಲ್ಲ ಅವ್ವಾ. ನಾನು ಬಾಯ್ ಬಿಟ್ರೆ ನೀವು ನಿಲ್ಲಿಸ್ಬುಡ್ತೀರಿ ಅಂತ ಸುಮ್ನಿದ್ದೆ."

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿ, "ಪವರ್ ತರಿಯವರಾ!" ಎಂದರು. ನಮ್ಮ ಕೈಮಗ್ಗದವರ ಬಾಯಲ್ಲಿ ಅದು ಹೊಗಳಿಕೆಯ ಮಾತಲ್ಲ. ಹೇಳಿ ಮುಗಿಸುವಷ್ಟರಲ್ಲಿ ಅತ್ತೆಯ ಕಣ್ಣಿಂದ ನೀರು ಇಳಿಯತೊಡಗಿತು. ಆಪರೇಷನ್ನಿಗೂ ಅಳದವರು, ಕೂದಲಿಗೂ ಅಳದವರು, ಆ ಹುಡುಗಿಯ ಕೈಗೆ ಹಣೆ ಇಟ್ಟು ಅತ್ತರು. ನಾನೂ ಅತ್ತುಬಿಟ್ಟೆ ಎಂದು ಬೇರೆ ಹೇಳಬೇಕಿಲ್ಲ.

ಡಾಕ್ಟರಮ್ಮ ಬಂದರು. ಆ ದಿನ ಔಷಧಿ ತಡೆದರು, ಮುಂದಿನ ವಾರದಿಂದ ಪ್ರಮಾಣ ಇಳಿಸಿದರು. ಇದರಿಂದ ಚಿಕಿತ್ಸೆ ಕೆಡುವುದಿಲ್ಲ ಎಂದರು. ಬೆರಳು ನಿಧಾನವಾಗಿ ಸರಿಹೋಗಬಹುದು, ಪೂರ್ತಿ ಎಂದು ಮಾತು ಕೊಡಲಾರೆ ಎಂದೂ ಹೇಳಿದರು. ಹಾಗೆ ನೇರವಾಗಿ ಹೇಳಿದ್ದಕ್ಕೇ ಅತ್ತೆಗೆ ಅವರ ಮೇಲೆ ನಂಬಿಕೆ ಬಂತು.

ಬೆರಳುಗಳು ನಿಜಕ್ಕೂ ನಿಧಾನವಾಗಿಯೇ ಬಂದವು. ಬಲಗೈ ತೋರುಬೆರಳ ತುದಿ ಇವತ್ತಿಗೂ ಮಂಕು. ಅತ್ತೆ ಈಗ ನಡುಬೆರಳಿನಿಂದ ಹೊಸೆಯುವುದನ್ನು ಹೊಸದಾಗಿ ಅಭ್ಯಾಸ ಮಾಡಿಕೊಂಡಿದ್ದಾರೆ. ಅನುಮಾನ ಬಂದರೆ ಎಳೆಯನ್ನು ಕೆಳತುಟಿಗೆ ಮುಟ್ಟಿಸಿ ನೋಡುತ್ತಾರೆ. ಮೊದಲಿನ ವೇಗವಿಲ್ಲ. ಆ ವಯಸ್ಸಿನಲ್ಲಿ, ಅಷ್ಟೆಲ್ಲ ಆದ ಮೇಲೆ, ತನ್ನ ಕೈಗೆ ತಾನೇ ಮತ್ತೆ ಅಕ್ಷರಾಭ್ಯಾಸ ಮಾಡಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಇವತ್ತು, ಹೇಳದಿದ್ದರೆ ಬೆರಳು ಹೋಗಬಹುದು ಎಂದ ಸಿಸ್ಟರ್ ಮಾತು ನೆನಪಾಗಿ ನಾನು ಎಳೆಗಳ ಸಿಕ್ಕನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗಲೇ ಸರೋಜಕ್ಕ ಬುಟ್ಟಿಗೆ ಬಂದರು. ಅತ್ತೆ ಮಗ್ಗದ ಮುಂದೆ ಹೊಸ ಹಾಸು ಕೂಡಿಸುತ್ತಾ ಕೂತಿದ್ದರು, ತಲೆಯ ಮೇಲೆ ಗುಂಗುರು ಗುಂಗುರಾಗಿ ಹುಟ್ಟಿದ ಬಿಳಿ ಕೂದಲು. ತಲೆಯೆತ್ತದೆ ಹಳೆಯ ಹಾಸಿನ ತುದಿಯಿಂದ ಒಂದು ಹಿಡಿ ಎಳೆ ಕತ್ತರಿಸಿದರು, ವಿಭೂತಿ ಪೊಟ್ಟಣದೊಂದಿಗೆ ಬುಟ್ಟಿಯಲ್ಲಿ ಹಾಕಿದರು.

"ಕುರ್ಚಿಲಿ ಕೂತಾಗೆಲ್ಲ ಇದನ್ನ ಹೊಸಿ ಸರೋಜಾ. ಎಂದು ಜಾರ್ತದೋ ಅಂದೇ ಹೇಳ್ಬೇಕು."

"ನಿಮಗಾ?"

"ನನಗ್ಯಾಕೆ? ಅಲ್ಲಿ ಹೇಳು. ತಮಿಳಲ್ಲೇ ಹೇಳು, ಜೋರಾಗಿ ಹೇಳು."

ಸರೋಜಕ್ಕ ಬುಟ್ಟಿಯನ್ನು ಎದೆಗವಚಿಕೊಂಡು ನನ್ನನ್ನು ನೋಡಿದರು. ನಿನ್ನೆಯ ಪ್ರಶ್ನೆ ಅವರ ಮುಖದಲ್ಲಿ ಹಾಗೇ ಇತ್ತು. ನಾನು ಜಗಲಿಯಲ್ಲಿ ಅವರಿಗೆ ಚಾಪೆ ಹಾಸಿ, ಪಕ್ಕದಲ್ಲಿ ಕೂತೆ.

"ಮೊದಲು ರಕ್ತ ತೆಗೀತಾರೆ ಅಕ್ಕ" ಎಂದು ಶುರುಮಾಡಿದೆ. "ಸ್ವಲ್ಪ ನೋಯುತ್ತೆ."